ಕಸಿ ಮಾಡಿಸಿಕೊಂಡವರು ಕಸ ಹೊಡೆಯಬಹುದೆ?

ಮೂತ್ರಪಿಂಡವನ್ನೋ ಯಕೃತ್ತನ್ನೋ ಕಸಿ ಮಾಡಿಸಿಕೊಂಡವರು ಬೆಳಿಗ್ಗೆ ಸಂಜೆ ನುಂಗುವ ಮಾತ್ರೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಮಣ್ಣಿನಲ್ಲಿ, ಇಲ್ಲವೆ ಬೂಷ್ಟಿನಲ್ಲಿ. ಸೈಕ್ಲೋಸ್ಪೊರಿನ್ ಕೊಡುವ ಶಿಲೀಂಧ್ರ ಸಿಕ್ಕಿದ್ದು 1969ರಲ್ಲಿ ನಾರ್ವೆಯ ಪ್ರಸ್ಥಭೂಮಿಯೊಂದರಿಂದ ತಂದ ಒಂದಿಷ್ಟು ಮಣ್ಣಿನಲ್ಲಿ. ಇವತ್ತು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಟ್ಯಾಕ್ರೊಲಿಮಸ್‌ಗೆ ಮೂಲವಾದ ಬ್ಯಾಕ್ಟೀರಿಯ 1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನಲ್ಲಿ ಕಂಡಿತು. ಸಿರೋಲಿಮಸ್ ಬಂದದ್ದು ಈಸ್ಟರ್ ದ್ವೀಪದ ಮಣ್ಣಿನಿಂದ. ಮೈಕೋಫಿನೊಲೇಟ್‌ನ ಕಥೆಯಂತೂ ಮೆಕ್ಕೆಜೋಳದ ಸೀಮೆಯಾದ ದಾವಣಗೆರೆಗೆ ಇನ್ನೂ ಹತ್ತಿರದ್ದು: ಇಟಲಿಯ ಬಾರ್ತೊಲೊಮಿಯೊ ಗೊಸಿಯೊ 1893ರಲ್ಲಿ ಅದರ ಮೂಲ ಆಮ್ಲವನ್ನು ಬೇರ್ಪಡಿಸಿದ್ದು ಕೆಟ್ಟುಹೋದ ಮೆಕ್ಕೆಜೋಳದ ಮೇಲೆ ಬೆಳೆದ ಬೂಷ್ಟಿನಿಂದ. ಈ ಔಷಧಗಳು ನಮ್ಮ ರಕ್ತದ ರಕ್ಷಕ ಕೋಶಗಳನ್ನು ಮಂಕಾಗಿಸುತ್ತವೆ. ಆದ್ದರಿಂದಲೇ ಇನ್ನೊಬ್ಬರ ಅಂಗ ನಮ್ಮೊಳಗೆ ಬಾಳುತ್ತದೆ. ಆದರೆ ಅದೇ ಮಂಕಿನ ಕಾರಣಕ್ಕೆ ಮಣ್ಣಿನ, ಬೂಷ್ಟಿನ ಉಳಿದ ಜೀವಿಗಳ ಎದುರು ದೇಹ ಸೋಲುವ ಸಂಭವವೂ ಹೆಚ್ಚುತ್ತದೆ. ಮಣ್ಣು ಎಂದರೆ ವೈದ್ಯರು ಹುಬ್ಬೇರಿಸುವುದು ಇದಕ್ಕೇ.

ವೈದ್ಯರ ಈ ಎಚ್ಚರಿಕೆ ಮನೆಗೆ ಬರುವಷ್ಟರಲ್ಲಿ ಸಂಪೂರ್ಣ ನಿಷೇಧವಾಗಿಬಿಡುತ್ತದೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಂಥ ಕಡೆ ಮನೆಯೆಂದರೆ ನಾಲ್ಕು ಗೋಡೆ ಮಾತ್ರವಲ್ಲ. ಮುಂದೆ ಕಾಂಪೌಂಡಿನ ಗುಂಟ ಎರಡಡಿ ಮಣ್ಣು, ಅದರಲ್ಲಿ ಕನಕಾಂಬರ, ದಾಸವಾಳ, ಒಂದು ನುಗ್ಗೆ, ತುಳಸಿಕಟ್ಟೆ, ನೆಲದಡಿ ಸಂಪು, ಮಾಳಿಗೆಯ ಮೇಲೆ ಟ್ಯಾಂಕು, ಹಿಂದೆ ಬಟ್ಟೆ ಒಗೆಯುವ ಕಲ್ಲು. ಕಸಿ ಮಾಡಿಸಿಕೊಂಡು ಬಂದವರಿಗೆ ಇವುಗಳಲ್ಲಿ ಯಾವುದನ್ನೂ ಮುಟ್ಟಗೊಡದೆ “ನೀನು ಸುಮ್ಮನೆ ಕೂತಿರು, ಅಷ್ಟು ಸಾಕು” ಎನ್ನುವುದು ಪ್ರೀತಿಯ ಮಾತು, ಆದರೆ ಲೆಕ್ಕ ತಪ್ಪಿದ ಮಾತು. ಕಸಿಯಾದವರಿಗೆ ಈ ಔಷಧಗಳ ಜತೆ ಕೊಡುವ ಸ್ಟೀರಾಯ್ಡ್ ಮಾತ್ರೆ ತೊಡೆಯ ಸ್ನಾಯುಗಳನ್ನು ಕರಗಿಸುತ್ತದೆ, ಮೂಳೆಯನ್ನು ತೆಳುವಾಗಿಸುತ್ತದೆ. ಅದರ ಜತೆ ಟ್ಯಾಕ್ರೊಲಿಮಸ್ ಸೇರಿದಾಗ, ಮೊದಲು ಸಕ್ಕರೆ ಕಾಯಿಲೆಯೇ ಇಲ್ಲದವರಿಗೂ ಅದು ಅಂಟಿಕೊಳ್ಳುವುದುಂಟು. ಕಸಿಯಾದ ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ತೀರಿಕೊಳ್ಳುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆ ಮುಖ್ಯ ಕಾರಣಗಳಲ್ಲೊಂದು. ಈ ನಾಲ್ಕಕ್ಕೂ ಮೈ ಅಲುಗಾಡಿಸುವುದೇ ಔಷಧದ ಅರ್ಧಭಾಗ. ನೆಲ ಒರೆಸುವಾಗ ದೇಹ ಖರ್ಚು ಮಾಡುವ ಶಕ್ತಿ ಸುಮ್ಮನೆ ಕೂತಾಗಿನ ಮೂರೂವರೆ ಪಟ್ಟು. ಚುರುಕಾಗಿ ನಡೆದಾಗಲೂ ಹೆಚ್ಚುಕಡಿಮೆ ಅಷ್ಟೇ. ಕೈತೋಟದ ಕೆಲಸ ಅದಕ್ಕಿಂತ ತುಸು ಮೇಲು. ಆದ್ದರಿಂದ ಯಾವ ಕೆಲಸ ಬಿಡಬೇಕು ಎಂದು ಕೇಳುವ ಬದಲು, ಒಂದೊಂದು ಕೆಲಸದೊಳಗೆ ಅಪಾಯ ಅಡಗಿರುವ ಜಾಗ ಯಾವುದು ಎಂದು ಕೇಳಬೇಕು. ಆ ಜಾಗವನ್ನು ಕಿತ್ತುಹಾಕಿದರೆ ಕೆಲಸದ ಬಹುಪಾಲು ಮಾಡುವಂಥದ್ದೇ ಆಗಿ ಉಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಧೂಳಿನಲ್ಲಿ. ವರ್ಷಗಟ್ಟಲೆ ಮೂಲೆಯಲ್ಲಿ ಒಣಗಿದ ಒಂದು ಹೂಕುಂಡವನ್ನು ಬೋರಲು ಹಾಕಿ ಹೆಂಟೆ ಒಡೆಯುವುದನ್ನು ಬಿಸಿಲಲ್ಲಿ ನಿಂತು ನೋಡಿದರೆ, ಮಣ್ಣು ಕೆಳಗೆ ಬಿದ್ದ ಮೇಲೂ ಬೂದುಬಣ್ಣದ ಸಣ್ಣ ಹೊಗೆಯೊಂದು ಮುಖದ ಮಟ್ಟದಲ್ಲೇ ತೇಲುತ್ತಿರುತ್ತದೆ. ಅದರಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಣಗಳೂ ಇರುತ್ತವೆ. ಒಂದೊಂದೂ ಎರಡು ಮೂರು ಮೈಕ್ರಾನ್ ಗಾತ್ರದ್ದು, ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಸಲೀಸಾಗಿ ಇಳಿಯುವಷ್ಟು ಸಣ್ಣದು. ನಾವೆಲ್ಲರೂ ದಿನಕ್ಕೆ ಇಂಥ ನೂರಾರು ಕಣಗಳನ್ನು ಉಸಿರಾಡುತ್ತೇವೆ, ಶ್ವಾಸಕೋಶದ ಕೋಶಗಳು ಅವನ್ನು ಸದ್ದಿಲ್ಲದೆ ನುಂಗಿ ಮುಗಿಸುತ್ತವೆ. ಸ್ಟೀರಾಯ್ಡ್ ಸೇವಿಸುವವರಲ್ಲಿ ಈ ನುಂಗುವ ಶಕ್ತಿ ಕುಂದಿರುತ್ತದೆ. ನೂರಾರನ್ನು ಹೇಗೋ ನಿಭಾಯಿಸುವ ದೇಹಕ್ಕೆ ಒಂದೇ ಗಳಿಗೆಯಲ್ಲಿ ಲಕ್ಷಾಂತರ ಕಣಗಳು ಬಂದರೆ ತಡೆಯಲಾಗದು. ಇಲ್ಲಿ ಪ್ರಮಾಣವೇ ಮುಖ್ಯ. ಹಾಗಾಗಿ ಯುಗಾದಿಗೆ ಮುಂಚೆ ಅಟ್ಟ ಇಳಿಸುವುದು, ಜೇಡರ ಬಲೆ ಹೊಡೆಯುವುದು, ಗೋಡೆಯ ಹಳೆ ಸುಣ್ಣ ಕೆರೆಯುವುದು, ಬೂಷ್ಟು ಹಿಡಿದ ಜೋಳದ ಚೀಲ ಕೊಡವುವುದು, ಮಾಳಿಗೆಯಲ್ಲಿ ಒಣಗಿದ ಪಾರಿವಾಳದ ಹಿಕ್ಕೆ ಗುಡಿಸುವುದು, ಇವು ಬೇರೆಯವರ ಪಾಲಿಗೆ ಹೋಗಬೇಕು. ಅಷ್ಟು ಹೊತ್ತು ಕಸಿಯಾದವರು ಆ ಮನೆಯಲ್ಲಿರದಿದ್ದರೆ ಇನ್ನೂ ಒಳ್ಳೆಯದು. ಪಾರಿವಾಳದ ಹಿಕ್ಕೆಯಲ್ಲಿ ಮೆದುಳಿನ ಪೊರೆಗೆ ಸೋಂಕು ತರುವ ಕ್ರಿಪ್ಟೊಕಾಕಸ್ ಇರಬಹುದು. ಸಗಣಿಯಲ್ಲಿ ಬೆಳೆಯುವ ಶಿಲೀಂಧ್ರಗಳಲ್ಲಿ, 2021ರಲ್ಲಿ ಕಪ್ಪು ಶಿಲೀಂಧ್ರ ಎಂದು ಊರೆಲ್ಲ ಹೆಸರು ಕೇಳಿದ ರೋಗವನ್ನು ತರುವ ಮ್ಯೂಕರ್ ಬಳಗದವೂ ಇವೆ. ಹಾಗಾಗಿ ಸಗಣಿಯಿಂದ ಅಂಗಳ ಸಾರಿಸುವುದನ್ನು, ಕುರುಳು ಮುರಿದು ಒಲೆಗೆ ಹಾಕುವುದನ್ನು ಬಿಡಿ ಎನ್ನುವುದು ಮಡಿಯ ಮಾತಲ್ಲ. ಇನ್ನು ದಿನನಿತ್ಯದ ಕಸ? ಅದಕ್ಕೆ ಪರಿಹಾರ ನಮ್ಮ ಅಂಗಳದಲ್ಲೇ ಇದೆ. ಮೊದಲು ನೀರು ಚಿಮುಕಿಸಿ ಆಮೇಲೆ ಪೊರಕೆ ಹಿಡಿಯುವುದು ಹಳೆಯ ರೂಢಿ. ಹಸಿಯಾದ ಧೂಳು ಏಳುವುದಿಲ್ಲ. ಒಳಗೆ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ಮೂಗಿಗೆ ಕಟ್ಟುವ ಟವೆಲು ಬೀಜಕಣವನ್ನು ತಡೆಯುವುದಿಲ್ಲ. ಎನ್-95 ಮಾಸ್ಕು ತಡೆಯುತ್ತದೆ, ಕೆನ್ನೆಗೆ ಬಿಗಿಯಾಗಿ ಕೂತಿದ್ದರೆ ಮಾತ್ರ.

“ಹುಟ್ಟಿದಾಗಿನಿಂದ ಮಣ್ಣಲ್ಲೇ ಬೆಳೆದ ಮೈ, ಅದಕ್ಕೇನಾಗುತ್ತೆ?” ಎಂಬ ಆಕ್ಷೇಪ ಭದ್ರಾ ನಾಲೆಯ ಬಯಲಿನಲ್ಲಿ ಸಹಜವಾಗಿಯೇ ಏಳುತ್ತದೆ. ನಗರದಲ್ಲಿ ಮನೆ ಇದ್ದರೂ ಊರಲ್ಲಿ ಗದ್ದೆ ಇರುವವರೇ ಬಹಳ. ಈ ವಾದದಲ್ಲಿ ಸತ್ಯಾಂಶವಿದೆ, ದೇಹಕ್ಕೆ ಹಳೆಯ ವೈರಿಗಳ ನೆನಪು ಇರುತ್ತದೆ. ಆದರೆ ಈ ಮಾತ್ರೆಗಳು ಮಸುಕಾಗಿಸುವುದು ಆ ನೆನಪನ್ನೇ. ಅಷ್ಟಲ್ಲದೆ, ಮಣ್ಣಲ್ಲಿ ಬೆಳೆದವರ ಮೈಯಲ್ಲಿ ಕೆಲವು ವೈರಿಗಳು ಸಾಯದೆ ಮಲಗಿರುವುದೂ ಉಂಟು. ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳುವಿನ ಮರಿ ಬರಿಗಾಲಿನ ಚರ್ಮವನ್ನು ತೂರಿ ಒಳಹೊಕ್ಕು, ಕರುಳಲ್ಲೇ ಸಂತತಿ ಬೆಳೆಸುತ್ತ ದಶಕಗಟ್ಟಲೆ ಉಳಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ-ಥಾಯ್ಲೆಂಡ್ ರೈಲುಮಾರ್ಗದಲ್ಲಿ ಸೆರೆಯಾಳಾಗಿ ದುಡಿದ ಬ್ರಿಟಿಷ್ ಸೈನಿಕರಲ್ಲಿ ಅದು ಮೂವತ್ತು ವರ್ಷಗಳ ಮೇಲೂ ಪತ್ತೆಯಾಗಿತ್ತು. ಆರೋಗ್ಯವಂತರಲ್ಲಿ ಇದ್ದೂ ಇಲ್ಲದಂತಿರುವ ಈ ಹುಳು, ಸ್ಟೀರಾಯ್ಡ್ ಶುರುವಾದ ಮೇಲೆ ಮೈತುಂಬ ಹರಡಿ ಪ್ರಾಣ ತೆಗೆಯಬಲ್ಲದು. ಕ್ಷಯದ ಕ್ರಿಮಿಯೂ ಹೀಗೆಯೇ ಮಲಗಿದ್ದು ಏಳುವಂಥದ್ದು. ಬರಿಗಾಲಿನಲ್ಲಿ ಗದ್ದೆ ತುಳಿದು ಬೆಳೆದವರು ಕಸಿಗೆ ಮುಂಚೆಯೇ ಅದನ್ನು ವೈದ್ಯರಿಗೆ ಹೇಳಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಕೈತೋಟ? ಅಮೆರಿಕದ ಕಸಿ ತಜ್ಞರ ಸಂಘ 2019ರಲ್ಲಿ ಹೊರತಂದ ಸುರಕ್ಷಿತ ಜೀವನದ ಮಾರ್ಗಸೂಚಿಯೂ ತೋಟವನ್ನು ಪೂರ್ತಿಯಾಗಿ ಮುಚ್ಚಿಲ್ಲ. ಕೈಗವಸು ಹಾಕಿ, ಧೂಳಿನಿಂದ ದೂರವಿರಿ, ಆಮೇಲೆ ಕೈ ತೊಳೆಯಿರಿ ಎನ್ನುತ್ತದೆ. ಮೊದಲ ಮೂರು ತಿಂಗಳು, ಕೆಲವರಿಗೆ ಆರು ತಿಂಗಳು, ಔಷಧದ ಪ್ರಮಾಣ ಹೆಚ್ಚಿರುವುದರಿಂದ ಮಣ್ಣಿನ ತಂಟೆಯೇ ಬೇಡ. ಮುಂದೆ ಎಂದಾದರೂ ದೇಹ ಅಂಗವನ್ನು ತಿರಸ್ಕರಿಸತೊಡಗಿ ಔಷಧ ಏರಿಸಿದರೆ ಆ ಎಣಿಕೆ ಮತ್ತೆ ಮೊದಲಿನಿಂದ. ಶ್ವಾಸಕೋಶವನ್ನೇ ಕಸಿ ಮಾಡಿಸಿಕೊಂಡವರಿಗೆ ಹೊಸ ಅಂಗವೇ ಹೊರಗಿನ ಗಾಳಿಗೆ ತೆರೆದಿರುತ್ತದೆ, ಅವರ ಪಥ್ಯ ಇನ್ನೂ ಕಟ್ಟುನಿಟ್ಟು. ಉಳಿದವರು ರಬ್ಬರು ಕೈಗವಸು, ಕಾಲು ಮುಚ್ಚುವ ಬೂಟು, ಉದ್ದ ತೋಳಿನ ಅಂಗಿ ಹಾಕಿಕೊಂಡು ಹೂ ಬಿಡಿಸಬಹುದು, ನೀರು ಹಾಯಿಸಬಹುದು, ಹಸಿ ಮಣ್ಣಲ್ಲಿ ಸಸಿ ನೆಡಬಹುದು. ಕಾಂಪೋಸ್ಟು ಗುಂಡಿ ಮಗುಚುವುದು, ಬೆಕ್ಕು ಹೊಲಸು ಮಾಡುವ ಮೂಲೆ ಅಗೆಯುವುದು ಮಾತ್ರ ಬೇಡ. ಗುಲಾಬಿ ಮುಳ್ಳು ಚುಚ್ಚಿದರೆ ಕೂಡಲೇ ಸೋಪು ನೀರಿನಲ್ಲಿ ತೊಳೆಯಬೇಕು. ವಾರ ಕಳೆದ ಮೇಲೆ ಅಲ್ಲಿ ಗಂಟು ಎದ್ದರೆ ಅದು ಮುಳ್ಳಿನ ಜತೆ ಒಳಹೋದ ಶಿಲೀಂಧ್ರವೋ ನೊಕಾರ್ಡಿಯ ಎಂಬ ಮಣ್ಣಿನ ಬ್ಯಾಕ್ಟೀರಿಯವೋ ಆಗಿರಬಹುದು. ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿ ಮಾಡಿದ್ದ ಫಿಸ್ಟುಲಾ ಇರುವ ತೋಳನ್ನು ಮುಳ್ಳಿಗಾಗಲಿ, ಬಿಗಿ ಕೈಗವಸಿಗಾಗಲಿ ಒಡ್ಡಬಾರದು. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ. ಹೊಸ ಮೂತ್ರಪಿಂಡವನ್ನು ಕೂರಿಸುವುದು ಹಳೆಯದರ ಜಾಗದಲ್ಲಲ್ಲ, ಕಿಬ್ಬೊಟ್ಟೆಯ ಒಂದು ಬದಿಗೆ, ಚರ್ಮದ ಸಮೀಪದಲ್ಲೇ. ಬೆನ್ನ ಹಿಂದಿನ ಮೂತ್ರಪಿಂಡಕ್ಕೆ ಪಕ್ಕೆಲುಬಿನ ಆಸರೆ ಇದೆ, ಇದಕ್ಕಿಲ್ಲ. ಗುದ್ದಲಿಯ ಕಾವು ಹಾರಿ ಬಡಿದರೆ, ಹಸು ತಲೆಯಾಡಿಸಿ ಕೊಂಬು ತಗುಲಿಸಿದರೆ ಪೆಟ್ಟು ನೇರ ಅದಕ್ಕೇ.

ಭಾರದ ವಿಷಯಕ್ಕೆ ಬಂದರೆ ದಾವಣಗೆರೆ, ಹರಿಹರದ ಮನೆಗಳಲ್ಲಿ ಅದು ಮುಖ್ಯವಾಗಿ ನೀರಿನ ವಿಷಯ. ಶಸ್ತ್ರಚಿಕಿತ್ಸೆಯಾದ ಆರರಿಂದ ಎಂಟು ವಾರ ನಾಲ್ಕೂವರೆ ಕಿಲೋಗಿಂತ ಹೆಚ್ಚು ಎತ್ತಬೇಡಿ ಎಂದು ಬಹಳಷ್ಟು ಆಸ್ಪತ್ರೆಗಳು ಹೇಳುತ್ತವೆ, ಕೆಲವು ಮೂರು ತಿಂಗಳು ಎನ್ನುತ್ತವೆ. ಹದಿನೈದು ಲೀಟರಿನ ಕೊಡಪಾನ ತುಂಬಿದರೆ ಹದಿನೈದು ಕಿಲೋ. ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಉಕ್ಕು ಸೇರಿದರೆ ಮೂವತ್ತರ ಹತ್ತಿರ. ಒಗೆದ ಎರಡು ಹಾಸಿಗೆ ಹೊದಿಕೆ ಇರುವ ಬಕೆಟ್ಟೂ ಮಿತಿ ಮೀರುತ್ತದೆ. ಎತ್ತುವಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಸ್ಟೀರಾಯ್ಡ್‌ನಿಂದ ಗಾಯ ನಿಧಾನವಾಗಿ ಕೂಡುವ ಹೊಟ್ಟೆಯಲ್ಲಿ ಹೊಲಿಗೆಯ ಜಾಗ ಸಡಿಲಾಗಿ ಹರ್ನಿಯಾ ಆಗಬಹುದು. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ದೇಶದ ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಲೆಕ್ಕದಂತೆ 1995ರಿಂದ 2021ರವರೆಗೆ ನಡೆದ ಸುಮಾರು 36,600 ಕಸಿಗಳಲ್ಲಿ 29 ಸಾವಿರಕ್ಕೂ ಹೆಚ್ಚು ಗಂಡಸರಿಗೇ ಆದವು. ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಮಾತ್ರ ಹೆಂಗಸರೇ ಬಹುಪಾಲು, ಹೆಂಡತಿಯೋ ತಾಯಿಯೋ. ಅಂದರೆ ಎಷ್ಟೋ ಮನೆಗಳಿಗೆ ಆಸ್ಪತ್ರೆಯಿಂದ ಮರಳುವುದು ಒಬ್ಬರಲ್ಲ, ಹೊಟ್ಟೆಗೆ ಹೊಲಿಗೆ ಬಿದ್ದ ಇಬ್ಬರು. ಕೊಟ್ಟವಳಿಗೆ ಧೂಳು ಮಣ್ಣಿನ ಪಥ್ಯವಿಲ್ಲ, ಆಕೆಯ ರೋಗನಿರೋಧ ಗಟ್ಟಿಯಾಗಿಯೇ ಇದೆ. ಭಾರದ ಪಥ್ಯ ಮಾತ್ರ ಅವಳಿಗೂ ಇದೆ. ಗಂಡನನ್ನು ಕೂರಿಸಿ ಹೆಂಡತಿ ನಾಲ್ಕನೇ ವಾರಕ್ಕೇ ಕೊಡ ಹೊರುವ ಏರ್ಪಾಡನ್ನು ಆರೈಕೆ ಎಂದು ಕರೆಯಲಾಗದು. ಮುಸುರೆ ತಿಕ್ಕುವುದು, ತರಕಾರಿ ಹೆಚ್ಚುವುದು, ಬಟ್ಟೆ ಮಡಿಸುವುದು, ಅನ್ನಕ್ಕಿಡುವುದು ಕಸಿಯಾದ ಗಂಡಸು ಹಾಯಾಗಿ ಮಾಡಬಹುದಾದ ಕೆಲಸಗಳು. ಅವು ಬರುವುದಿಲ್ಲ ಎನ್ನುವುದಕ್ಕೆ ವೈದ್ಯಕೀಯ ಕಾರಣವೇನೂ ಇಲ್ಲ.

ನೀರಿನ ಸಂಪಿನೊಳಗೆ ಇಳಿದು ತೊಳೆಯುವುದು ಕಸಿಯಾದವರಿಗೆ ಯಾವತ್ತಿಗೂ ಬೇಡ. ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರನ್ನು ಮುಖಕ್ಕೆ ಸಿಡಿಯದಂತೆ ಹರಿಯಬಿಡಬೇಕು. ಬೆಚ್ಚಗೆ ನಿಂತ ನೀರು ನ್ಯುಮೋನಿಯ ತರುವ ಲೀಜಿಯೊನೆಲ್ಲಾಗೆ ಮೆಚ್ಚಿನ ಜಾಗ. ಬ್ಲೀಚಿಂಗ್ ಪುಡಿಗೂ ಆಸಿಡ್ಡಿಗೂ ಬೆರಕೆ ಮಾಡಿ ಬಚ್ಚಲು ತೊಳೆದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಯಾರಿಗೂ ಆಗದು. ಏಪ್ರಿಲ್ ಮೇ ಬಿಸಿಲಲ್ಲಿ ಕೆಲಸ ಮಾಡಿ ಮೈ ಒಣಗಿದರೆ, ಟ್ಯಾಕ್ರೊಲಿಮಸ್‌ನಿಂದ ಮೊದಲೇ ಬಿಗಿದಿರುವ ಮೂತ್ರಪಿಂಡದ ರಕ್ತನಾಳಕ್ಕೆ ಇನ್ನಷ್ಟು ಕಷ್ಟ. ತೋಟದ ಕೆಲಸ ಬೆಳಿಗ್ಗೆ ಎಂಟರೊಳಗೆ ಮುಗಿದರೆ ಚೆಂದ. ಹಿತ್ತಲಲ್ಲಿ ಬೆಳೆಯುವುದೆಲ್ಲ ತಿನ್ನಲು ತಕ್ಕದ್ದೂ ಅಲ್ಲ. ಚಕ್ಕೋತ ಟ್ಯಾಕ್ರೊಲಿಮಸ್ ಕರಗುವುದನ್ನು ತಡೆದು ರಕ್ತದಲ್ಲಿ ಅದರ ಮಟ್ಟವನ್ನು ವಿಷವಾಗುವಷ್ಟು ಏರಿಸಬಹುದು. ಕೊರೊನಾ ಕಾಲದಲ್ಲಿ ಕಾಂಪೌಂಡಿಗೆಲ್ಲ ಹಬ್ಬಿದ ಅಮೃತಬಳ್ಳಿಯ ಕಷಾಯದಿಂದ ಯಕೃತ್ತು ಕೆಟ್ಟ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ರೋಗನಿರೋಧ ಹೆಚ್ಚಿಸುತ್ತೇನೆ ಎನ್ನುವ ಯಾವ ಕಷಾಯವೂ, ಅದನ್ನು ತಗ್ಗಿಸಿಯೇ ಅಂಗ ಉಳಿಸಿಕೊಂಡವರಿಗೆ ಹಿತವಲ್ಲ.

ಇಷ್ಟೆಲ್ಲ ಲೆಕ್ಕ ಹಾಕುವುದಕ್ಕಿಂತ ಏನೂ ಮಾಡದಿರುವುದೇ ಸುಲಭವಲ್ಲವೆ ಎಂದು ಕೇಳಬಹುದು. ಸುಲಭ ಹೌದು. ಆದರೆ ಕಸಿಯಾದ ಮೂತ್ರಪಿಂಡ ಹತ್ತು ಹದಿನೈದು ವರ್ಷ ಬಾಳುವುದು ಈಗ ಅಪರೂಪವಲ್ಲ, ಅಷ್ಟು ಕಾಲ ಯಾರೂ ಕುರ್ಚಿಯಲ್ಲಿ ಕೂತಿರುವುದಿಲ್ಲ. ಪೂರ್ತಿ ನಿಷೇಧಕ್ಕೆ ಒಳಗಾದವರು ಒಂದು ದಿನ ಬೇಸತ್ತು, ಮಾಸ್ಕು ಕೈಗವಸು ಯಾವುದೂ ಇಲ್ಲದೆ, ಮನೆಯವರ ಕಣ್ಣು ತಪ್ಪಿಸಿ ಕೆಲಸಕ್ಕಿಳಿಯುತ್ತಾರೆ. ಆಮೇಲೆ ಜ್ವರ ಬಂದರೆ ಬೈಗುಳಕ್ಕೆ ಹೆದರಿ ಮಣ್ಣು ಮುಟ್ಟಿದ್ದನ್ನೇ ಮುಚ್ಚಿಡುತ್ತಾರೆ. ಅಪಾಯ ದೊಡ್ಡದಾಗುವುದು ಅಲ್ಲಿ. ನೊಕಾರ್ಡಿಯ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಮಾಮೂಲಿ ಅವಧಿಗೆ ತಟ್ಟೆ ಎಸೆದರೆ ಅದು ಸಿಗುವುದೇ ಇಲ್ಲ. ಉಡುಪಿ, ದಕ್ಷಿಣ ಕನ್ನಡದಲ್ಲಿ ಮಳೆಗಾಲ ಬಂದಾಗಲೆಲ್ಲ ಕಾಣುವ ಮೆಲಿಯೊಯಿಡೋಸಿಸ್ ಎಂಬ ಮಣ್ಣುನೀರಿನ ಸೋಂಕು, ಜ್ವರಕ್ಕೆಂದು ಸಾಮಾನ್ಯವಾಗಿ ಬರೆದುಕೊಡುವ ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗುವುದಿಲ್ಲ. ಕಸಿಯಾದವರಿಗೆ 100.4 ಡಿಗ್ರಿ ಜ್ವರ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಕಸಿ ಮಾಡಿದ ಆಸ್ಪತ್ರೆಗೆ ಫೋನು ಮಾಡಬೇಕು. ಊರಿನ ಆಸ್ಪತ್ರೆಗೆ ಹೋದರೂ ಮಾತ್ರೆಗಳ ಪಟ್ಟಿಯನ್ನು ಮೊದಲು ಮುಂದಿಡಬೇಕು. ಅದರ ಜತೆಗೆ, ಯಾರೂ ಕೇಳದಿದ್ದರೂ, ಹೋದ ತಿಂಗಳಲ್ಲಿ ಯಾವ ಕುಂಡ ಒಡೆದೆ, ಯಾವ ಗದ್ದೆಗೆ ಇಳಿದೆ, ಯಾವ ಅಟ್ಟದ ಧೂಳು ಕುಡಿದೆ ಎಂಬುದನ್ನೂ ಹೇಳಬೇಕು.