ಜಾವಗಲ್ ಹೆಸರು ಹೊತ್ತ ವೇಗಿ

ಹಾಸನ ಜಿಲ್ಲೆಯಲ್ಲಿ ಮನುಷ್ಯನ ಹೆಸರಿಗಿಂತ ಮೊದಲು ಅವನ ಊರು ಬರುತ್ತದೆ. ಹಾಸನ ತಾಲ್ಲೂಕಿನ ರಾಮಸ್ವಾಮಿ ಅಯ್ಯಂಗಾರ್ಯರನ್ನು ಗುರುತಿಸಲು ‘ಗೊರೂರು’ ಎಂದಷ್ಟೇ ಹೇಳಿದರೂ ಸಾಕು. ಎಚ್.ಡಿ. ದೇವೇಗೌಡರ ‘ಎಚ್’ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ. ಎಸ್.ಎಲ್. ಭೈರಪ್ಪನವರ ‘ಎಸ್’ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. ಅ.ನ.ಕೃ. ಹುಟ್ಟಿದ್ದು ಕೋಲಾರದಲ್ಲಾದರೂ ಅವರ ಮೊದಲ ‘ಅ’ ಅರಕಲಗೂಡು. ಮನೆತನ ಊರು ಬಿಟ್ಟು ಎಷ್ಟು ಕಾಲವಾದರೂ ಊರಿನ ಹೆಸರು ಬಿಟ್ಟುಹೋಗುವುದಿಲ್ಲ.

ಈ ಪದ್ಧತಿಯ ಅರಿವಿಲ್ಲದ ವಿದೇಶಿ ಕ್ರಿಕೆಟ್ ಪ್ರೇಮಿಗಳು 1991ರ ನಂತರ ‘ಜಾವಗಲ್’ ಎಂಬುದನ್ನು ಒಬ್ಬ ತರುಣನ ಹೆಸರೆಂದೇ ತಿಳಿದುಕೊಂಡರು. ಅದು ಅರಸೀಕೆರೆ ತಾಲ್ಲೂಕಿನ ಒಂದು ಊರು. ಹಳೇಬೀಡಿಗೆ ಹತ್ತಿರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ. ಶ್ರೀನಾಥ್ ಹುಟ್ಟಿದ್ದು 1969ರ ಆಗಸ್ಟ್ 31ರಂದು, ಮೈಸೂರಿನಲ್ಲಿ. ಓದಿದ್ದೂ ಅಲ್ಲೇ, ಮರಿಮಲ್ಲಪ್ಪ ಶಾಲೆಯಲ್ಲಿ, ನಂತರ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಪತ್ರಿಕೆಗಳು ಅವರಿಗೆ ಕೊಟ್ಟ ಬಿರುದು ‘ಮೈಸೂರು ಎಕ್ಸ್‌ಪ್ರೆಸ್’. ಆದರೂ ಹೆಸರಿನ ಮುಂದೆ ಕುಳಿತದ್ದು ಜಾವಗಲ್.

ಕ್ಲಬ್ ಪಂದ್ಯವೊಂದರಲ್ಲಿ ಈ ಎತ್ತರದ ಹುಡುಗನ ಬೌಲಿಂಗ್ ನೋಡಿ ಆಯ್ಕೆಗಾರರ ಗಮನಕ್ಕೆ ತಂದವರು ಜಿ.ಆರ್. ವಿಶ್ವನಾಥ್. 1989–90ರಲ್ಲಿ ಹೈದರಾಬಾದ್ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ ಶ್ರೀನಾಥ್ ಹ್ಯಾಟ್ರಿಕ್ ಪಡೆದರು. ಎರಡು ವರ್ಷಗಳಲ್ಲಿ ಅವರು ಭಾರತ ತಂಡದಲ್ಲಿದ್ದರು. 1991ರ ಅಕ್ಟೋಬರಿನಲ್ಲಿ ಶಾರ್ಜಾದಲ್ಲಿ ಮೊದಲ ಏಕದಿನ ಪಂದ್ಯ, ನವೆಂಬರ್ ಕೊನೆಯಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್. ಆಗ ವಯಸ್ಸು 22.

ಇಲ್ಲಿಂದ ಮುಂದಿನ ಕಥೆ ವಿಚಿತ್ರ. ಆಸ್ಟ್ರೇಲಿಯದಲ್ಲಿ, ದಕ್ಷಿಣ ಆಫ್ರಿಕದಲ್ಲಿ ಟೆಸ್ಟ್ ಆಡಿದ ಬೌಲರ್ ಸ್ವದೇಶಕ್ಕೆ ಮರಳಿದ ಕೂಡಲೇ ಬೆಂಚಿನ ಮೇಲೆ ಕೂರಬೇಕಾಯಿತು. 1993ರಲ್ಲಿ ಇಂಗ್ಲೆಂಡ್ ವಿರುದ್ಧ ಮೂರು, ಜಿಂಬಾಬ್ವೆ ವಿರುದ್ಧ ಒಂದು, 1994ರ ಆರಂಭದಲ್ಲಿ ಶ್ರೀಲಂಕಾ ವಿರುದ್ಧ ಮೂರು, ಹೀಗೆ ಏಳು ಟೆಸ್ಟ್‌ಗಳು ಭಾರತದ ನೆಲದಲ್ಲಿ ನಡೆದವು. ಏಳರಲ್ಲಿ ಒಂದರಲ್ಲೂ ಶ್ರೀನಾಥ್ ಆಡುವ ಹನ್ನೊಂದರಲ್ಲಿ ಇರಲಿಲ್ಲ.

ಕಾರಣ ನೆಲದಲ್ಲಿಯೇ ಇತ್ತು. ಹುಲ್ಲು ಬೋಳಿಸಿದ, ಎರಡನೆಯ ದಿನಕ್ಕೇ ಧೂಳೇಳುವ ಪಿಚ್ ಮೇಲೆ ಚೆಂಡು ಬಿದ್ದರೆ ವೇಗ ಸಾಯುತ್ತದೆ, ತಿರುವು ಹೆಚ್ಚುತ್ತದೆ. ಅಂಥಲ್ಲಿ ವೇಗದ ಬೌಲರಿನ ಕೆಲಸ ಹೊಸ ಚೆಂಡಿನ ಹೊಳಪು ಇಳಿಸಿ ಸ್ಪಿನ್ನರುಗಳ ಕೈಗೆ ಕೊಡುವುದಷ್ಟೆ. ಆ ಕೆಲಸಕ್ಕೆ ಕಪಿಲ್ ದೇವ್ ಇದ್ದರು, ಬ್ಯಾಟಿಂಗೂ ಬಲ್ಲ ಮನೋಜ್ ಪ್ರಭಾಕರ್ ಇದ್ದರು. ಉಳಿದದ್ದನ್ನು ಕುಂಬ್ಳೆ, ರಾಜು, ಚೌಹಾಣ್ ನೋಡಿಕೊಳ್ಳುತ್ತಿದ್ದರು. ಕಪಿಲ್ ಆಗ ರಿಚರ್ಡ್ ಹ್ಯಾಡ್ಲಿಯವರ 431 ವಿಕೆಟ್‌ಗಳ ವಿಶ್ವದಾಖಲೆಯ ಬೆನ್ನು ಹತ್ತಿದ್ದರು. 1994ರ ಫೆಬ್ರುವರಿಯಲ್ಲಿ ಅಹಮದಾಬಾದಿನಲ್ಲಿ 432ನೆಯ ವಿಕೆಟ್ ಬಿದ್ದಾಗ ದೇಶವೇ ಸಂಭ್ರಮಿಸಿತು. ಆ ಸಂಭ್ರಮದ ನಡುವೆ ಬೆಂಚಿನ ಮೇಲಿದ್ದ ಹುಡುಗನ ಲೆಕ್ಕ ಯಾರು ಇಟ್ಟಾರು?

ದೂರುವುದಾದರೂ ಹೇಗೆ? ಆ ಏಳು ಟೆಸ್ಟ್‌ಗಳನ್ನೂ ಭಾರತ ಗೆದ್ದಿತು. ಗೆಲ್ಲುವ ತಂಡವನ್ನು ಬದಲಿಸಿ ಎಂದು ಯಾವ ಆಯ್ಕೆಗಾರನಿಗೂ ಹೇಳಲಾಗದು. ಗೆಲುವಿನ ದೊಡ್ಡ ಪಾಲು ತಂದುಕೊಡುತ್ತಿದ್ದವರು ಕರ್ನಾಟಕದವರೇ ಆದ, ಎಂಜಿನಿಯರಿಂಗ್ ಪದವೀಧರರೇ ಆದ ಅನಿಲ್ ಕುಂಬ್ಳೆ ಎಂಬುದು ಇನ್ನೊಂದು ಸ್ವಾರಸ್ಯ. ಆದರೆ ವೇಗದ ಬೌಲರಿನ ದೇಹಕ್ಕೆ ಮಿತಿಯಿದೆ. ಸ್ಪಿನ್ನರ್ ಮೂವತ್ತರ ನಂತರ ಪಳಗುತ್ತಾನೆ. ವೇಗಿಯ ಬೆನ್ನು, ಮಂಡಿ, ಭುಜಗಳು ಇಪ್ಪತ್ತರ ಹರೆಯದಲ್ಲಿ ಕೊಡುವುದನ್ನು ಆಮೇಲೆ ಕೊಡುವುದಿಲ್ಲ. ಶ್ರೀನಾಥ್ ತವರಿನಲ್ಲಿ ಮೊದಲ ಟೆಸ್ಟ್ ಆಡಿದ್ದು 1994ರ ನವೆಂಬರಿನಲ್ಲಿ, ಮುಂಬೈಯಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಅಷ್ಟರಲ್ಲಿ ಕಪಿಲ್ ದೇವ್ ನಿವೃತ್ತರಾಗಿದ್ದರು, ಬ್ರಿಸ್ಬೇನ್‌ನಿಂದ ಮೂರು ವರ್ಷ ಕಳೆದಿತ್ತು.

ಅವಕಾಶ ಸಿಕ್ಕ ಮೇಲೆ ಅವರು ತೋರಿಸಿದ್ದು ಏನು ಎಂಬುದಕ್ಕೆ 1996ರ ಹಿಂಗಾರು ಸಾಕ್ಷಿ. ಆ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯ ವಿರುದ್ಧದ ಟೆಸ್ಟ್‌ಗೆ ಶ್ರೀನಾಥ್ ಗಾಯಾಳು. ಬದಲಿಗೆ ಬಂದವರು ಡೇವಿಡ್ ಜಾನ್ಸನ್. ಹುಟ್ಟಿದ್ದು ಅರಸೀಕೆರೆಯಲ್ಲಿ! ಜಾವಗಲ್ ಇರುವ ತಾಲ್ಲೂಕಿನ ಕೇಂದ್ರದಿಂದಲೇ ಇನ್ನೊಬ್ಬ ವೇಗಿ. ಮೈಕೆಲ್ ಸ್ಲೇಟರ್ ಅವರ ವಿಕೆಟ್ ಪಡೆದ ಜಾನ್ಸನ್, ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ಶ್ರೀನಾಥ್ ಮತ್ತು ವೆಂಕಟೇಶ ಪ್ರಸಾದ್ ಜತೆ ಎರಡನೆಯ ಟೆಸ್ಟ್ ಆಡಿದರು. ಭಾರತದ ವೇಗದ ಪಡೆ ಅಂದು ಪೂರ್ತಿ ಕನ್ನಡನಾಡಿನದು. ಭಾರತ 100 ಮತ್ತು 66 ರನ್‌ಗಳಿಗೆ ಕುಸಿದು ಸೋತಿತು. ಜಾನ್ಸನ್ ಮತ್ತೆ ಟೆಸ್ಟ್ ಆಡಲಿಲ್ಲ. 2024ರ ಜೂನ್‌ನಲ್ಲಿ, 52ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ದೆಹಲಿಗೂ ಡರ್ಬನ್‌ಗೂ ನಡುವೆ ಎರಡು ಸಂಗತಿ ನಡೆದವು. ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಟೈಟಾನ್ ಕಪ್ ಪಂದ್ಯ. ಆಸ್ಟ್ರೇಲಿಯದ 215 ರನ್ ಬೆನ್ನಟ್ಟಿದ ಭಾರತ, 88 ರನ್ ಮಾಡಿದ ಸಚಿನ್ ಔಟಾದ ಮೇಲೆ ಎಂಟು ವಿಕೆಟ್‌ಗೆ 164ಕ್ಕೆ ಬಂದು ನಿಂತಿತು. ಪ್ರೇಕ್ಷಕರಲ್ಲಿ ಅನೇಕರು ಕ್ರೀಡಾಂಗಣದ ಬಾಗಿಲ ಕಡೆ ಹೆಜ್ಜೆ ಹಾಕಿದ್ದರು. ಶ್ರೀನಾಥ್ 30, ಕುಂಬ್ಳೆ 16, ಇಬ್ಬರೂ ಔಟಾಗದೆ ಪಂದ್ಯ ಗೆದ್ದುಕೊಟ್ಟರು. ತಿಂಗಳ ನಂತರ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಕ್ಕೆ ಗೆಲ್ಲಲು ಬೇಕಿದ್ದುದು ಕೇವಲ 170. ಸ್ಪಿನ್ನರುಗಳಿಗೆಂದು ಬಿಟ್ಟ ಅದೇ ಬಗೆಯ ಒಣ ನೆಲದಲ್ಲಿ ಶ್ರೀನಾಥ್ 21 ರನ್ನಿಗೆ 6 ವಿಕೆಟ್ ಕಿತ್ತರು. ಎದುರಾಳಿ 105ಕ್ಕೆ ಮುಗಿಯಿತು. ಗಾಳಿಯಲ್ಲಿಯೇ ಒಳಕ್ಕೆ ನುಗ್ಗುವ, ಬ್ಯಾಟನ್ನು ತಪ್ಪಿಸಿ ಗೂಟಕ್ಕೋ ಪ್ಯಾಡಿಗೋ ಬಡಿಯುವ ಚೆಂಡಿಗೆ ಪಿಚ್‌ನ ಹಂಗು ಅಷ್ಟಾಗಿ ಇಲ್ಲ. ಏಳು ಟೆಸ್ಟ್‌ಗಳ ಉದ್ದಕ್ಕೂ ನಂಬಿದ್ದ ಲೆಕ್ಕಾಚಾರಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿರಲಿಲ್ಲ.

ಮರು ವರ್ಷವೇ ಭುಜ ಕೈಕೊಟ್ಟಿತು. ತೋಳಿನ ಮೂಳೆಯ ದುಂಡುತಲೆ ಭುಜದ ಗುಳಿಯಲ್ಲಿ ಕೂರುತ್ತದೆ. ಗುಳಿ ಆಳವಿಲ್ಲದ್ದರಿಂದ ಅದನ್ನು ಜಾರದಂತೆ ಹಿಡಿದಿಡುವುದು ಸುತ್ತಲಿನ ನಾಲ್ಕು ಸ್ನಾಯುಗಳು ಮತ್ತು ಅವುಗಳ ಕಂಡರಗಳು. ‘ರೊಟೇಟರ್ ಕಫ್’ ಎಂದು ವೈದ್ಯರು ಕರೆಯುವ ಈ ಪಟ್ಟಿ, ಚೆಂಡು ಬಿಟ್ಟ ನಂತರವೂ ವೇಗವಾಗಿ ತಿರುಗುತ್ತಿರುವ ತೋಳಿಗೆ ಬ್ರೇಕ್ ಹಾಕುತ್ತದೆ. ದಿನಕ್ಕೆ ನೂರಿನ್ನೂರು ಬಾರಿ ಆ ಬ್ರೇಕ್ ಹಾಕಿದರೆ ಅದು ಸವೆಯದೆ ಇರುತ್ತದೆಯೇ? 1997ರ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆಯಾಯಿತು. ಆಟ ಮುಗಿಯಿತೆಂದವರೂ ಇದ್ದರು. ನವೆಂಬರಿನಲ್ಲಿ ಅವರು ಮತ್ತೆ ಟೆಸ್ಟ್ ಆಡುತ್ತಿದ್ದರು.

1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಒಂಬತ್ತು ವಿಕೆಟ್‌ಗಳನ್ನೂ ಕುಂಬ್ಳೆ ಪಡೆದಿದ್ದರು. ಇನ್ನೊಂದು ತುದಿಯಿಂದ ಬೌಲ್ ಮಾಡಬೇಕಾದವರು ಶ್ರೀನಾಥ್. ತಪ್ಪಿಯೂ ವಿಕೆಟ್ ಬೀಳಬಾರದೆಂದು ಅವರು ಚೆಂಡನ್ನು ಆಫ್ ಸ್ಟಂಪಿನಿಂದ ದೂರ ದೂರ ಎಸೆದರು, ಅಂಪೈರ್ ವೈಡ್ ಕೊಟ್ಟರೂ ಸರಿಯೆಂದು. ಜೀವಮಾನವಿಡೀ ವಿಕೆಟ್‌ಗಾಗಿ ಓಡಿದವನು ವಿಕೆಟ್ ಬೀಳದಿರಲೆಂದು ಓಡಿ ಬಂದ ಓವರ್ ಅದು. ಕುಂಬ್ಳೆಗೆ ಹತ್ತನೆಯದೂ ದಕ್ಕಿತು.

ಒಂಬತ್ತು ದಿನಗಳ ನಂತರ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಅದೇ ಪಾಕಿಸ್ತಾನದ ವಿರುದ್ಧ ಶ್ರೀನಾಥ್ ಮೊದಲ ಇನಿಂಗ್ಸ್‌ನಲ್ಲಿ 46ಕ್ಕೆ 5, ಎರಡನೆಯದರಲ್ಲಿ 86ಕ್ಕೆ 8, ಒಟ್ಟು 13 ವಿಕೆಟ್ ಪಡೆದರು. ಜನರ ನೆನಪಿನಲ್ಲಿ ಉಳಿದದ್ದು ಬೇರೆ: ಶೋಯೆಬ್ ಅಖ್ತರ್ ಅವರಿಗೆ ಡಿಕ್ಕಿಯಾಗಿ ಸಚಿನ್ ರನೌಟ್ ಆದದ್ದು, ಗಲಾಟೆ, ಕೊನೆಯ ದಿನ ಪ್ರೇಕ್ಷಕರನ್ನು ಹೊರಹಾಕಿ ಖಾಲಿ ಕ್ರೀಡಾಂಗಣದಲ್ಲಿ ಪಂದ್ಯ ಮುಗಿಸಿದ್ದು. ಭಾರತ 46 ರನ್‌ಗಳಿಂದ ಸೋತಿತು. ಸೋತ ತಂಡದ ಬೌಲರನೊಬ್ಬ ಟೆಸ್ಟ್‌ನಲ್ಲಿ 13ಕ್ಕಿಂತ ಹೆಚ್ಚು ವಿಕೆಟ್ ಪಡೆಯಲು 2021ರವರೆಗೆ ಕಾಯಬೇಕಾಯಿತು. ಆ ವರ್ಷ ಮುಂಬೈಯಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲ್ 14 ಪಡೆದೂ ಸೋತರು.

2002ರಲ್ಲಿ ಟೆಸ್ಟ್ ಸಾಕೆಂದ ಶ್ರೀನಾಥ್ ಅವರನ್ನು ನಾಯಕ ಸೌರವ್ ಗಂಗೂಲಿ ಮನವೊಲಿಸಿ ಮತ್ತೆ ಕರೆತಂದರು. 2003ರ ವಿಶ್ವಕಪ್‌ನಲ್ಲಿ 33ರ ವಯಸ್ಸಿನ ಅವರು 16 ವಿಕೆಟ್ ಪಡೆದರು. ಮಾರ್ಚ್ 23ರಂದು ಜೊಹಾನ್ಸ್‌ಬರ್ಗ್‌ನ ಫೈನಲ್‌ನಲ್ಲಿ ಆಸ್ಟ್ರೇಲಿಯದ ಬ್ಯಾಟರುಗಳು ಅವರ ಹತ್ತು ಓವರುಗಳಿಂದ 87 ರನ್ ದೋಚಿದರು, ವಿಕೆಟ್ ಒಂದೂ ಇಲ್ಲ. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. 67 ಟೆಸ್ಟ್‌ಗಳಲ್ಲಿ 236, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್. ಈ ಎರಡನೆಯ ಸಂಖ್ಯೆಯನ್ನು ಭಾರತದ ಬೇರೆ ಯಾವ ವೇಗದ ಬೌಲರೂ ಮುಟ್ಟಿಲ್ಲ. 2006ರಲ್ಲಿ ಅವರು ಐಸಿಸಿಯ ಪಂದ್ಯ ರೆಫರಿಯಾದರು. ಅಂದಿನಿಂದ ಅಧಿಕಾರಿಗಳ ಪಟ್ಟಿಯಲ್ಲಿಯೂ ಶ್ರೀನಾಥ್ ಎಂಬುದಕ್ಕೆ ಮೊದಲು ಜಾವಗಲ್ ಬರುತ್ತಿದೆ.