ಸುತ್ತುಪ್ರಯಾಣದ ಟಿಕೆಟ್ಟು

ಬಂಧುಮಿತ್ರರು ದೇಶದ ಮೂಲೆಮೂಲೆಗೆ ಚದುರಿಹೋಗಿರುವ ನಮ್ಮಂಥವರಿಗೆ ರೈಲ್ವೆಯವರ ಸರ್ಕ್ಯುಲರ್ ಟಿಕೆಟ್ಟು ಒಂದು ವರವೇ ಸರಿ. ಹೊರಟ ನಿಲ್ದಾಣಕ್ಕೇ ಹಿಂದಿರುಗಬೇಕು. ನಡುವೆ 8 ಊರುಗಳವರೆಗೆ ಇಳಿದು ತಂಗಬಹುದು. ಒಟ್ಟು ದೂರವನ್ನು ಎರಡು ಸಮಭಾಗ ಮಾಡಿ, ಒಂದೊಂದನ್ನೂ ಒಂದು ಪ್ರಯಾಣವೆಂದೆಣಿಸಿ ದರ ಗೊತ್ತುಪಡಿಸುತ್ತಾರೆ. ದೂರ ಬೆಳೆದಂತೆ ಕಿಲೋಮೀಟರಿನ ದರ ತಗ್ಗುವುದರಿಂದ ಬಿಡಿ ಟಿಕೆಟ್ಟುಗಳಿಗಿಂತ ಇದು ಅಗ್ಗ. ಮಲಗುವ ಸ್ಥಳವನ್ನು ಮಾತ್ರ ಹಂತಹಂತಕ್ಕೂ ಬೇರೆಯಾಗಿಯೇ ಕಾದಿರಿಸಬೇಕು.

ನಾನು ಮೈಸೂರಿನಿಂದ ಪುಣೆ, ದೆಹಲಿ, ಕೋಲ್ಕತ್ತ, ಚೆನ್ನೈ ಎಂದು ಪಟ್ಟಿ ಬರೆದಿದ್ದೆ. ಪುಣೆಯಲ್ಲಿ ತಂಗಿ, ದೆಹಲಿಯಲ್ಲಿ ಮಗ, ಚೆನ್ನೈಯಲ್ಲಿ ಸೋದರಳಿಯ. ಕೋಲ್ಕತ್ತದ ಸಹಪಾಠಿ ಹಾಸಿಗೆ ಹಿಡಿದಿದ್ದ. ಅರ್ಜಿ ಕೊಡುವ ಮುನ್ನ ಪಟ್ಟಿಯನ್ನು ತಲೆಕೆಳಗು ಮಾಡಿದೆ. ವೃತ್ತವನ್ನು ಯಾವ ಕಡೆಯಿಂದ ಸುತ್ತಿದರೂ ದೂರ ಅಷ್ಟೇ, ದರವೂ ಅಷ್ಟೇ. ಅವನ ಮನೆ ಮಾತ್ರ ಎರಡು ವಾರ ಮೊದಲೇ ಸಿಕ್ಕುತ್ತಿತ್ತು. ಅಪ್ರದಕ್ಷಿಣೆಯಾಯಿತಲ್ಲ, ಎಂದರು ಮನೆಯವರು.