ತಾಟೆಯ ಬಾಯಿಯ ಗಾಳ, ಹುಡುಗನ ಪ್ರಶ್ನೆ

ಮೊನ್ನೆ ಮದ್ರಸ ಬಿಟ್ಟ ಮೇಲೆ ಏಳನೇ ತರಗತಿಯ ಹುಡುಗನೊಬ್ಬ ತನ್ನ ಅಣ್ಣನ ಮೊಬೈಲಿನಲ್ಲಿ ನಮಗೊಂದು ವಿಡಿಯೋ ತೋರಿಸಿದ. ಕಡಲ ತಳದಲ್ಲಿ ಮೊಣಕಾಲೂರಿ ಕೂತ ಮಹಿಳೆಯೊಬ್ಬರು ಶಾರ್ಕಿನ ಬಾಯೊಳಗೆ ಕೈ ಹಾಕಿ ಗಾಳ ತೆಗೆಯುತ್ತಿದ್ದಾರೆ. ನಮ್ಮ ದಕ್ಕೆಯಲ್ಲಿ ತಾಟೆ ಅನ್ನುವ ಮೀನಿನ ಬಳಗವೇ ಅದು. "ಉಸ್ತಾದ್, ಹೀಗೆ ಮಾಡುವಾಗ ಸತ್ತು ಹೋದ್ರೆ ಪುಣ್ಯವಾ, ತಪ್ಪಾ?" ಎಂದು ಕೇಳಿದ. ಪ್ರಶ್ನೆ ಸಣ್ಣದಲ್ಲ.

ಆ ಮಹಿಳೆ ಕ್ರಿಸ್ಟಿನಾ ಜೆನಾಟೊ. ಇಟಲಿಯಲ್ಲಿ ಹುಟ್ಟಿದವರು. 1994ರಲ್ಲಿ ಬಹಾಮಾಸ್‌ಗೆ ಹೋಗಿ ಡೈವಿಂಗ್ ಕಲಿತು ಅಲ್ಲೇ ನೆಲೆಸಿದರು. ಕೆರಿಬಿಯನ್ ರೀಫ್ ಶಾರ್ಕ್‌ಗಳ ಬಾಯಿಂದ ಇವರು ಇದುವರೆಗೆ 300ಕ್ಕೂ ಹೆಚ್ಚು ಗಾಳ ತೆಗೆದಿದ್ದಾರೆ. ಬಹಾಮಾಸ್ ಸರಕಾರ 2011ರಲ್ಲಿ ಶಾರ್ಕ್ ಹಿಡಿದು ಮಾರುವುದನ್ನು ನಿಷೇಧಿಸಿತು. ಆದರೆ ಬೇರೆ ಮೀನಿಗೆ ಹಾಕಿದ ಗಾಳಕ್ಕೂ ಶಾರ್ಕ್ ಬಾಯಿ ಹಾಕುತ್ತದಲ್ಲ! ದಾರ ತುಂಡಾಗಿ ಗಾಳ ದವಡೆಯಲ್ಲೇ ಉಳಿಯುತ್ತದೆ. ಗಾಯ ಕೀವಾಗುತ್ತದೆ, ತಿನ್ನಲು ಕಷ್ಟವಾಗುತ್ತದೆ. ತುಕ್ಕು ಹಿಡಿಯದ ಉಕ್ಕಿನ ಗಾಳವಾದರೆ ವರ್ಷಗಟ್ಟಲೆ ಚುಚ್ಚಿಕೊಂಡೇ ಇರುತ್ತದೆ.

ಶಾರ್ಕಿನ ಮೂತಿಯಲ್ಲಿ ವಿದ್ಯುತ್ತನ್ನು ಗ್ರಹಿಸುವ ಸಣ್ಣ ಸಣ್ಣ ರಂಧ್ರಗಳಿವೆ. ಅಲ್ಲಿ ಮೆಲ್ಲನೆ ಸವರಿದರೆ ಕೆಲವು ಶಾರ್ಕ್‌ಗಳು ನಿದ್ದೆ ಬಂದಂತೆ ಸುಮ್ಮನಾಗುತ್ತವೆ. ಜೆನಾಟೊ ಅದರ ತಲೆಯನ್ನು ಮಡಿಲಲ್ಲಿಟ್ಟು ಗಾಳ ಬಿಡಿಸುವುದು ಆಗಲೇ.

ಅಪಾಯ ಒಂದೆರಡಲ್ಲ

ಆ ಮಂಪರು ಯಾವ ಕ್ಷಣದಲ್ಲೂ ಬಿಟ್ಟುಹೋಗಬಹುದು. ಅದಕ್ಕೇ ಅವರು ಉಕ್ಕಿನ ಬಳೆಗಳನ್ನು ಹೆಣೆದ ಅಂಗಿ ತೊಡುತ್ತಾರೆ. ಅದು ಹಲ್ಲು ಇಳಿಯದಂತೆ ತಡೆಯುತ್ತದೆ ಹೊರತು ದವಡೆಯ ಒತ್ತಡವನ್ನು ತಡೆಯುವುದಿಲ್ಲ. ಸುತ್ತ ಬೇರೆ ಶಾರ್ಕ್‌ಗಳೂ ಇರುತ್ತವೆ. ಗಾಳದ ದಾರ ಮುಳುಗುಗಾರರ ಕೈಗೇ ಸುತ್ತಿಕೊಳ್ಳಬಹುದು. ಬೆನ್ನಿನ ಸಿಲಿಂಡರಿನಲ್ಲಿರುವ ಗಾಳಿಗೂ ಲೆಕ್ಕವಿದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಒಮ್ಮೆಲೇ ಮೇಲೆ ಬಂದರೆ ಶ್ವಾಸಕೋಶವೇ ಒಡೆಯಬಹುದು. ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗಿ ನರಗಳಿಗೆ ಪೆಟ್ಟು ಕೊಡಬಹುದು. ಅಪಾಯ ಶಾರ್ಕಿಗೂ ಇದೆ. ಹಲವು ಜಾತಿಯ ಶಾರ್ಕ್‌ಗಳು ಈಜುತ್ತಿದ್ದರೆ ಮಾತ್ರ ಕಿವಿರಿಗೆ ನೀರು ಸಿಗುತ್ತದೆ. ತುಂಬ ಹೊತ್ತು ಹಿಡಿದಿಟ್ಟರೆ ಉಪಕಾರ ಹೋಗಿ ಅಪಕಾರವಾದೀತು.

ಹುಡುಗನಿಗೆ ನಾವು ಹೇಳಿದ್ದು

ಬಾಯಾರಿದ ನಾಯಿಗಾಗಿ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದು ಕುಡಿಸಿದವನ ಪಾಪವನ್ನು ಅಲ್ಲಾಹನು ಕ್ಷಮಿಸಿದ ಕತೆಯನ್ನು ನಮ್ಮ ಮಕ್ಕಳೆಲ್ಲ ಕೇಳಿದ್ದಾರೆ. ಜೀವವಿರುವ ಯಾವುದಕ್ಕೆ ನೆರವಾದರೂ ಪ್ರತಿಫಲವಿದೆ ಎಂದು ಪ್ರವಾದಿ (ಸ.ಅ.) ಕಲಿಸಿದರು. ಆದರೆ ನಮ್ಮ ಕೈಯಾರೆ ನಮ್ಮನ್ನು ನಾಶಕ್ಕೆ ದೂಡಿಕೊಳ್ಳಬಾರದು ಎಂದೂ ಖುರ್‌ಆನ್ ತಾಕೀತು ಮಾಡಿದೆ. ಒಂಟೆಯನ್ನು ಮೊದಲು ಕಟ್ಟಿ ಆಮೇಲೆ ತವಕ್ಕುಲ್ ಇಡು ಅನ್ನುವ ಪಾಠವೂ ನಮ್ಮದೇ. ವರ್ಷಗಟ್ಟಲೆ ಕಲಿತು, ಸಲಕರಣೆ ಸಮೇತ ಇಳಿಯುವವರು ಒಂಟೆ ಕಟ್ಟಿದವರು. ವಿಡಿಯೋ ನೋಡಿ, ಲೈಕ್ ಸಿಗಲಿ ಎಂದು ನೇತ್ರಾಣಿಯಲ್ಲೋ ಕೊಲ್ಲಿಯ ಕಡಲಿನಲ್ಲೋ ಶಾರ್ಕಿನ ಹತ್ತಿರ ಕೈ ಚಾಚುವವನು ಕಟ್ಟದೆ ಬಿಟ್ಟವನು. ಕೆಲಸ ಒಂದೇ ಕಂಡರೂ ನಿಯ್ಯತ್ತು, ತಯಾರಿ ಬೇರೆ.

"ಹಾಗಾದ್ರೆ ನಮಗೆ ಈ ಪುಣ್ಯ ಇಲ್ವಾ?" ಎಂದ ಹುಡುಗ. ಅವನ ಬಾಪ ಬೋಟಿಗೆ ಹೋಗುವವರು.

ಇದೆ. ಗುಜರಾತಿನ ಮೀನುಗಾರರನ್ನು ನೋಡಿ. ಕಡಲಿನ ಅತಿದೊಡ್ಡ ಮೀನಾದ ತಿಮಿಂಗಿಲ ಶಾರ್ಕನ್ನು ಒಂದು ಕಾಲದಲ್ಲಿ ಅಲ್ಲಿ ಎಣ್ಣೆಗಾಗಿ, ಮಾಂಸಕ್ಕಾಗಿ ಕೊಲ್ಲುತ್ತಿದ್ದರು. 2001ರಲ್ಲಿ ಕಾನೂನು ಅದಕ್ಕೆ ರಕ್ಷಣೆ ಕೊಟ್ಟಿತು. 2004ರಲ್ಲಿ ಜಾಗೃತಿ ಅಭಿಯಾನ ಶುರುವಾಯಿತು. ಅಂದಿನಿಂದ ಬಲೆಗೆ ಬಿದ್ದ ನೂರಾರು ತಿಮಿಂಗಿಲ ಶಾರ್ಕ್‌ಗಳನ್ನು ಅದೇ ಮೀನುಗಾರರು ತಮ್ಮ ಬಲೆ ಕೊಯ್ದು ಬಿಟ್ಟಿದ್ದಾರೆ. ಬಲೆಯ ನಷ್ಟಕ್ಕೆ ಸರಕಾರ ಪರಿಹಾರ ಕೊಡುತ್ತದೆ, ನಿಜ. ಆದರೆ ಹೊಟ್ಟೆಪಾಡಿನ ಬಲೆಗೆ ಚೂರಿ ಹಾಕಲು ಮೊದಲು ಮನಸ್ಸು ಬೇಕು.

ನಮ್ಮ ಕಡಲಿಗೂ ಆ ಮೀನು ಬರುತ್ತದೆ. ಕಡಲ ಬೇಟೆ ನಮಗೆ ಹಲಾಲ್; ಆದರೆ ಹರಿದ ಬಲೆ, ತುಂಡಾದ ಗಾಳದ ದಾರವನ್ನು ನೀರಿಗೆಸೆದು ಒಂದು ಜೀವ ಸುಮ್ಮನೆ ನರಳುವಂತೆ ಮಾಡಲು ನಮಗೆ ಹಕ್ಕಿಲ್ಲ. ಅದನ್ನು ದಡಕ್ಕೆ ತರಲು ಉಕ್ಕಿನ ಅಂಗಿ ಬೇಡ, ಸಿಲಿಂಡರೂ ಬೇಡ.

ಹುಡುಗ ಮೊಬೈಲ್ ಜೇಬಿಗಿಟ್ಟು, "ಬಾಪನಿಗೆ ಇವತ್ತೇ ಹೇಳ್ತೇನೆ" ಎಂದು ಮನೆ ಕಡೆ ಓಡಿದ.